ಅಧ್ಯಕ್ಷೆ ಗಂಡನ ದಿಂಬು

ಹುಟ್ಟುಹಬ್ಬ ಮುಗಿದ ಮಾರನೇ ದಿನ ಲೀಡರುಗಳ ಫ್ಲೆಕ್ಸು ಯಾರಿಗೆ ಬೇಕು ಹೇಳಿ? ನಮಗೆ ಬೇಕು. ತ್ಯಾಮಗೊಂಡ್ಲು ರಸ್ತೆ ಉದ್ದಕ್ಕೂ ಹಲ್ಲು ಕಿರ್ಕೊಂಡು ನಿಂತಿರ್ತಾರಲ್ಲ ಮಹಾನುಭಾವರು, ಅವರನ್ನ ಇಳಿಸಿ, ತೊಳೆದು, ಬ್ಯಾಗು ಹೊಲೀತೀವಿ ನಾವೊಂದಷ್ಟು ಹೆಂಗಸರು. ನಮ್ಮತ್ತೆ ಮುನಿವೆಂಕಟಮ್ಮಂದು ಒಂದೇ ನೇಮ. ಮುಖ ಒಳಗಡೆ, ಬಿಳೀ ಮೈ ಹೊರಗಡೆ. ಸಂತೆಗೆ ಹೋದೋರು ಸೊಪ್ಪು ತರಬೇಕು, ಲೀಡರನ್ನಲ್ಲ ಅಂತಾರೆ.

ಹೊಲಿಗೆ ನಡೀತಿದ್ದಿದ್ದು ನಮ್ಮ ದನದ ಕೊಟ್ಟಿಗೆ ಪಕ್ಕದಲ್ಲಿ. ಮಳೆ ಬಂದ್ರೆ ಮಿಷನ್ನಿಗೆ ನೀರು, ಬಿಸಿಲು ಬಂದ್ರೆ ನೊಣ. ಪಂಚಾಯ್ತಿಯ ಹಳೇ ಡೈರಿ ಕಟ್ಟಡ ಬೀಗ ಹಾಕ್ಕೊಂಡು ಸುಮ್ನೆ ಬಿದ್ದಿತ್ತು. ಅದು ಸಿಗದಿದ್ರೆ ಮಳೆಗಾಲಕ್ಕೆ ಮುಂಚೆ ಮಿಷನ್ ಮಾರಿ ಎಲ್ಲರೂ ಗಾರ್ಮೆಂಟ್ಸ್ ಬಸ್ ಹತ್ತೋದೇ ಗತಿ. ಅಧ್ಯಕ್ಷೆ ಚೈತ್ರ. ಮಹಿಳಾ ಮೀಸಲು ನೋಡಿ, ಸಹಿ ಅವಳದು, ಬಾಯಿ ಅವಳ ಗಂಡ ಕೆಂಪರಾಜಣ್ಣಂದು. ಬೀಗದ ಕೈ ಆಯಪ್ಪನ ಜೇಬಲ್ಲಿ. ಕೇಳಿದಾಗಲೆಲ್ಲ ನೋಡೋಣ ಕಣಮ್ಮ ಅಂತಿದ್ದ. ಅದೇನು ನೋಡ್ತಿದ್ನೋ ಶಿವನೇ ಬಲ್ಲ.

ಅಷ್ಟರಲ್ಲಿ ಬೆಂಗಳೂರಿಂದ ಸಿಂಧು ಮೇಡಂ ಬಂದ್ರು. ಮಹಿಳಾ ಉದ್ಯಮಿಗಳಿಗೆ ಬೆಂಬಲ ಕೊಡೋ ಸಂಸ್ಥೆಯೋರು. ಬೆಂಬಲ ಅಂದ್ರೆ ಮೊದಲು ಫೋಟೋ, ಆಮೇಲೆ ಚಪ್ಪಾಳೆ. ನೀವೆಲ್ಲ ಫೌಂಡರ್ಸು ಅಂದ್ರು. ಅದೇನು ಕಾಯಿಲೇನೇ ಪ್ರಮೋದಾ ಅಂತ ನಮ್ಮತ್ತೆ ನನ್ನ ಕಿವೀಲಿ ಕೇಳಿದ್ರು. ಮುಖ ಬಚ್ಚಿಡಬೇಡಿ, ಹೊರಗೆ ಹಾಕಿ, ವಸ್ತುವಿನ ಕಥೆ ಕಾಣಬೇಕು ಅಂತ ಮೇಡಂ ಉಪದೇಶ. ನಿಮ್ಮೂರಲ್ಲೇ ಒಂದು ಸಮಾರಂಭ ಇಡ್ತೀನಿ, ಅದಕ್ಕೆ ನೀವು ಹೊಸದಾಗಿ ಏನಾದ್ರೂ ಸರ್ಕ್ಯುಲರ್ ಪ್ರಾಡಕ್ಟ್ ಮಾಡಿ, ನಾನು ಕೆಂಪರಾಜ್ ಅವರನ್ನ ಮುಖ್ಯ ಅತಿಥಿ ಮಾಡಿ ಡೈರಿ ಕಟ್ಟಡ ಕೊಡಿಸ್ತೀನಿ ಅಂತ ಹೇಳಿ ಕಾರು ಹತ್ತಿದ್ರು.

ಸರ್ಕ್ಯುಲರ್ ಅಂದ್ರೇನು? ಹೈಸ್ಕೂಲು ಓದಿದ ನಾನೇ ಹೇಳ್ದೆ, ಗುಂಡಗೆ ಅಂತ. ಎಸೆದಿದ್ದನ್ನ ಮತ್ತೆ ಬಳಕೆಗೆ ತರೋದು ಅನ್ನೋ ಅರ್ಥ ಆಮೇಲೆ ಗೊತ್ತಾಯ್ತು. ಅದನ್ನ ನಾವು ಮೊದಲಿಂದ ಮಾಡ್ತಾನೇ ಇದ್ವಲ್ಲ, ಅದಕ್ಕೆ ಇಂಗ್ಲಿಷ್ ಹೆಸರು ಬೇರೆ ಇದೆ ಅಂತ ಯಾರಿಗೆ ಗೊತ್ತು? ನಮ್ಮತ್ತೆ ಫ್ಲೆಕ್ಸ್ ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿ ಗೆರೆ ಎಳೆದ್ರು, ನಾನು ಕತ್ತರಿ ಹಾಕ್ದೆ. ಫ್ಲೆಕ್ಸಲ್ಲಿ ಗುಂಡಗೆ ಕತ್ತರಿಸಿದ್ರೆ ಬರೋದು ಮುಖಾನೇ. ಆ ತಿಂಗಳು ಹುಟ್ಟುಹಬ್ಬ ಆಗಿದ್ದು ಕೆಂಪರಾಜಣ್ಣಂದೇ. ಮೇಡಂ ಹೇಳಿದಂಗೆ ಮುಖ ಹೊರಗೆ ಹಾಕಿ, ಒಳಗೆ ಗಾರ್ಮೆಂಟ್ಸ್ ಚಿಂದಿ ತುಂಬಿ, ಕೂರೋ ದಿಂಬು ಮಾಡಿದ್ವಿ. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ, ಸಮಾರಂಭದ ದಿನ ಗೌರವಕ್ಕೆ ಅಂತ ಮುಂದಿನ ಸಾಲಿನ ಕುರ್ಚಿಗಳ ಮೇಲೆಲ್ಲ ಒಂದೊಂದು ಇಟ್ವಿ.

ಕೆಂಪರಾಜಣ್ಣ ಕೈಮುಗೀತಾ ಬಂದ. ಅವನ ಎದುರಾಳಿ, ಹಳೇ ಅಧ್ಯಕ್ಷ ಪಿಳ್ಳಪ್ಪ, ಆಗಲೇ ಬಂದು ಕೂತು ಕಾಲು ಅಲ್ಲಾಡಿಸ್ತಿದ್ದ. ಪಿಳ್ಳಪ್ಪನ ತೊಡೆ ಸಂದಿಯಿಂದ ಕೆಂಪರಾಜಣ್ಣನ ಅರ್ಧ ಮೀಸೆ ಇಣುಕ್ತಿತ್ತು.

"ಆ ಪಿಳ್ಳಪ್ಪನ ಕುಂಡಿ ಕೆಳಗೆ ನಾನಾ?" ಅಂದ.

ಸಿಂಧು ಮೇಡಂ ವಸ್ತುವಿನ ಕಥೆ ಅಂತ ಏನೋ ಶುರು ಮಾಡಿದ್ರು. ಅವನ ಮುಖ ನೋಡಿ, ಫೋನು ಬಂತು ಅಂತ ಹೊರಗೆ ಹೋಗ್ಬಿಟ್ರು. ಬೆಂಬಲ ಅಲ್ಲಿಗೆ ಮುಗೀತು. ಕಟ್ಟಡಾನೂ ಇಲ್ಲ ಎಂಥದೂ ಇಲ್ಲ, ಇನ್ನು ಕೇಳೋಕೆ ಬಂದ್ರೆ ಸರಿ ಇರಲ್ಲ ಅಂತ ಕೆಂಪರಾಜಣ್ಣ ಎಲ್ಲರ ಮುಂದೆ ಕೂಗಾಡಿದ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳ್ಲಿ.

ಚೈತ್ರ ಗಂಡನ ಹಿಂದೆ ನಿಂತಿದ್ಲು. ಅಧ್ಯಕ್ಷೆ ಆದಾಗಿಂದ ಸಭೇಲಿ ನಮಸ್ಕಾರ ಬಿಟ್ಟು ಇನ್ನೊಂದು ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಮೆಲ್ಲಗೆ ಮುಂದೆ ಬಂದ್ಲು. ನಡುವಿನ ಕುರ್ಚಿ ಮೇಲೆ ಗಂಡ ಹಲ್ಲು ಕಿರೀತಿದ್ದ. ಸೆರಗು ಸರಿ ಮಾಡ್ಕೊಂಡು ಅವನ ಮೇಲೆ ಕೂತ್ಲು. ಆ ಕಡೆ ಈ ಕಡೆ ಒಂದ್ಸಲ ಒತ್ತಿ ನೋಡಿದ್ಲು.

"ಮೆತ್ತಗೆ ಚೆನ್ನಾಗಿದೆ ಕಣ್ರೀ," ಅಂದ್ಲು. ಆಮೇಲೆ ಗಂಡನ ಕಡೆ ಕೈ ಚಾಚಿದ್ಲು. "ಬೀಗದ ಕೈ ಕೊಡಿ. ಸಹಿ ನಂದು ತಾನೆ?"