ತೋರಿಸಿದ್ದು ಯಾರನ್ನ?

ಅಂಬಮ್ಮ ಚಪ್ಪಲಿ ಬಿಡುವ ಮೊದಲೇ ನನ್ನ ಮುಖವನ್ನು ದಿಟ್ಟಿಸಿದರು. ಹೋದ ತಿಂಗಳು ಗೊರೇಬಾಳದಿಂದ ಮಗ ಗುರುಬಸವನ ಜೊತೆ ಮಸ್ಕಿಗೆ ಬಂದು, ನನ್ನನ್ನು ನೋಡಿ ಒಪ್ಪಿ ಹೋಗಿದ್ದವರು. ಈಗ ಹೇಳದೆ ಕೇಳದೆ ಒಬ್ಬರೇ ಬಂದಿದ್ದರು.

"ನಿನ್ನೆ ಸಿಂಧನೂರು ದವಾಖಾನ್ಯಾಗ ಮಾತಾಡಿಸಿದ್ರ ನನ್ನ ಗುರ್ತ ಹಿಡೀಲಿಲ್ಲಲ್ಲ ನೀ? ಹೊಟ್ಟಿ ಹಿಡಕೊಂಡು ಮುದುಡಿ ಕುಂತಿದ್ದಿ."

ನಿನ್ನೆ ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುತ್ತಿದ್ದೆ. ದವಾಖಾನೆಗೆ ಹೋಗಿದ್ದವಳು ನನ್ನ ಅವಳಿ ಅಕ್ಕ ಶಿವರಂಜನಿ. ಹೆಣ್ಣು ನೋಡುವ ದಿನ ಅವ್ವ ಅವಳನ್ನು ಸಂತೆಕಲ್ಲೂರಿನ ಅತ್ತೆಯ ಮನೆಗೆ ಸಾಗಹಾಕಿದ್ದಳು. ನಾವು ಅವಳಿ ಎಂಬುದನ್ನೂ, ಅವಳ ಆಪರೇಷನ್ನನ್ನೂ ಮುಚ್ಚಿಟ್ಟಿದ್ದಳು.

ಅವ್ವ ಬಾಯಿ ತೆರೆಯುವುದರೊಳಗೆ ನಾನು ಅಕ್ಕನನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿದೆ.

"ಯವ್ವಾ, ಇಬ್ಬರು ಅದಾರ!" ಅಂಬಮ್ಮ ಗೋಡೆಗೆ ಒರಗಿದರು. "ಚಲೋ ಇದ್ದಾಕಿನ್ನ ತೋರಿಸಿ, ಬ್ಯಾನಿ ಇದ್ದಾಕಿನ್ನ ಕಟ್ಟವರಿದ್ರಿ ಹೌದಿಲ್ಲೋ?"

"ಇಲ್ರೀ ಬೀಗತಿ…" ಅಂದಳು ಅವ್ವ.

"ಬೀಗತಿ ಆಮ್ಯಾಲ. ನಾ ನೋಡಿದ್ದು ಯಾವಾಕಿನ್ನ?"

"ನನ್ನನ್ನರೀ," ಎಂದೆ.

"ಹಂಗಂತ ಈಕಿನೂ ಅಂದಾಳು."

"ನಾ ಯಾಕ ಅನ್ಲಿರೀ?" ಅಂದಳು ಶಿವರಂಜನಿ. "ಫೋಟೊದಾಗ ನೋಡೀನಿ, ನಿಮ್ಮ ಮಗ ಭಾಳ ಕುಳ್ಳ."

ಅಂಬಮ್ಮ ನಗಲಿಲ್ಲ. ಬಾಗಿಲು ಹಾಕಿಸಿ, "ಹೊಟ್ಟಿ ತೋರಸ್ರಿ" ಎಂದರು. ನನಗೆ ಸಿಟ್ಟು ಬಂತು. ಆದರೆ ನೋಡಲು ಬಂದವರಲ್ಲಿ, ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸು ಇದೆ, ಮದುವೆಯಾದ ಮೇಲೆ ಗೊರೇಬಾಳದಿಂದ ಕಾಲೇಜಿಗೆ ಹೇಗೆ ಹೋಗುತ್ತೀರಿ ಎಂದು ನನ್ನ ಕೆಲಸದ ಬಗ್ಗೆ ಯೋಚಿಸಿದವನು ಗುರುಬಸವ ಒಬ್ಬನೇ. ಅವನು ಕೈ ತಪ್ಪುವುದು ನನಗೆ ಬೇಡವಾಗಿತ್ತು. ಅಕ್ಕ ಸೆರಗು ಸರಿಸಿದಳು: ಹೊಕ್ಕಳಿನಲ್ಲಿ, ಅದರ ಆಚೀಚೆ, ಸಣ್ಣ ಹೊಲಿಗೆ ಗುರುತು. ನನ್ನ ಹೊಟ್ಟೆ ನುಣುಪಾಗಿತ್ತು.

"ಏನು ಬ್ಯಾನಿ ಇದು?"

"ಎಂಡೊಮೆಟ್ರಿಯೋಸಿಸ್ ಅಂತಾರ್ರೀ. ಗರ್ಭಚೀಲದ ಒಳಪದರದಂಥಾದ್ದು ಹೊರಗೂ ಬೆಳೀತದ. ಮುಟ್ಟಾದಾಗ ಜೀವ ಹಿಂಡತದ," ಎಂದಳು ಅಕ್ಕ.

"ಒಂದ ರಕ್ತ, ಒಂದ ಮುಖ. ನಾಳೆ ನಿನಗ ಬರಂಗಿಲ್ಲೇನು?" ಅಂಬಮ್ಮ ನನ್ನತ್ತ ತಿರುಗಿದರು.

"ಬರಂಗಿಲ್ರೀ!" ಅವ್ವ ನಡುವೆ ಬಂದಳು.

ನಾನೂ ಅಷ್ಟೇ ಹೇಳಿದ್ದರೆ ಮುಗಿಯುತ್ತಿತ್ತು. "ಇಬ್ಬರ ಜೀನ್‌ಗಳು ಒಂದೇರೀ," ಎಂದೆ. "ಆದ್ರ ಅವುಗಳ ಮ್ಯಾಲ ಸಣ್ಣ ಸಣ್ಣ ಗುರುತು ಕೂಡ್ತಾವ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದರಾಗ ಅವುಗಳ ಕೈ ಅದ. ಬದುಕಿನ ಜೊತಿಗೆ ಅವು ಬದಲಾಗ್ತಾವ. ಈ ಬ್ಯಾನಿ ಇದ್ದಲ್ಲಿ ಆ ಗುರುತು ಬ್ಯಾರೆ ಇರ್ತಾವಂತ ಕಂಡಾರ. ಅವೇ ಬ್ಯಾನಿ ತರ್ತಾವೋ, ಬ್ಯಾನಿನೇ ಅವನ್ನ ತರತದೋ, ಇನ್ನೂ ಪೂರಾ ತಿಳಿದಿಲ್ಲ. ನನಗ ಬರಂಗಿಲ್ಲಂತ ಹೇಳಾಕ ಬರಂಗಿಲ್ಲ. ಬರತದಂತನೂ ಹೇಳಾಕ ಬರಂಗಿಲ್ಲ."

ಅವ್ವ ಹಣೆ ಹಿಡಿದುಕೊಂಡು ಕೂತಳು. ಅಂಬಮ್ಮ ನನ್ನ ಹತ್ತಿರ ಬಂದು ನಿಂತರು.

"ಬಂದ್ರ ನನ್ನ ಮುಂದ ಹೇಳ್ತೀಯೋ, ನಿಮ್ಮವ್ವನಂಗ ಮುಚ್ಚಿಡ್ತೀಯೋ?"

"ಹೇಳ್ತೀನ್ರೀ. ನೀವು ದವಾಖಾನಿಗೆ ಕರಕೊಂಡು ಹೋಗ್ತೀರೋ, ಇಲ್ಲಿಗೆ ತಂದು ಬಿಡ್ತೀರೋ? ಅದನ್ನೂ ಈಗ ಹೇಳ್ರೀ."

ಅಂಬಮ್ಮನ ಹುಬ್ಬು ಮೇಲೇರಿತು. "ಕರಕೊಂಡು ಹೋಗ್ತೀನಿ," ಎಂದರು ಗಟ್ಟಿಯಾಗಿ, ಬೈದ ಹಾಗೆ. ಆಮೇಲೆ ಅಕ್ಕನತ್ತ ಬೆರಳು ತೋರಿಸಿದರು. "ಆದ್ರ ಅದಲುಬದಲಿ ಆಗಬಾರ್ದು, ಮದುವಿ ದಿನ ಈಕಿ ಮುಂಜಾಲಿಂದ ತಾಳಿ ಕಟ್ಟೂತನಾ ನನ್ನ ಬಾಜೂಕ ಕುಂದ್ರಬೇಕು. ಕೈ ಬಿಡಂಗಿಲ್ಲ ನಾ."

"ನೋವು ಬಂದ್ರ?" ಎಂದಳು ಶಿವರಂಜನಿ.

"ನನ್ನ ತೊಡಿ ಮ್ಯಾಲ ಮಲಕ್ಕೋ. ಅಲ್ಲಿಂದ ಮಾತ್ರ ಏಳಬ್ಯಾಡ."

ಹೊರಡುವಾಗ ತಿರುಗಿ ನಿಂತು, ನಮ್ಮಿಬ್ಬರ ಮುಖವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿದರು.