ಮೂರು ಕರಿ ಕಲ್ಲು

ಡೇನಿಯಲ ಮಾಸ್ತರರು ಅಂಗಳದಲ್ಲಿದ್ದ ಮೂರು ಕರಿ ಕಲ್ಲುಗಳಲ್ಲಿ ಒಂದರ ಮೇಲೆ ಕೂಡಲು ಬಾಗಿದಾಗ, ಹೆಣದ ಪಕ್ಕ ಕೂತಿದ್ದ ಸಖುಬಾಯಿ ತಲೆ ಎತ್ತಿದಳು.

“ಅದರ ಮ್ಯಾಲ ಬ್ಯಾಡ್ರಿ. ನೆಲದ ಮ್ಯಾಲ ಕೂಡ್ರಿ.”

ಮಾಸ್ತರರು ನೆಲಕ್ಕೆ ಕೂತರು. ಅವರ ಜೊತೆ ಬೀದರಿನಿಂದ ಬಂದಿದ್ದ ಗುಡ್ಡ ಹತ್ತುವ ಮಂಡಳಿಯವರು ಬೇಲಿಯ ಹತ್ತಿರವೇ ನಿಂತರು. ವರ್ಷಕ್ಕೊಮ್ಮೆ ಅವರನ್ನು ಊರ ಹಿಂದಿನ ಗುಡ್ಡ ಹತ್ತಿಸುತ್ತಿದ್ದ ಕುರುಬರ ಮಡೆಪ್ಪನನ್ನು ಸತ್ತ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು. ಅವನ ಬಾಯಿಗೆ ನೊಣಗಳು ಮುತ್ತುತ್ತಿದ್ದವು. ಸಖುಬಾಯಿ ಗಂಡನ ಮುಖಕ್ಕೆ ಸೆರಗು ಬೀಸುತ್ತಿದ್ದಳು.

“ಛಲೋ ಮನುಷ್ಯಾ ಇದ್ದ,” ಎಂದ ಮಚ್ಛೇಂದ್ರ. ಅವನು ಮಂಡಳಿಯ ಬಟ್ಟೆ ಅಂಗಡಿಯವನು. “ಏನಾಗಿತ್ತರಿ?”

“ಗುಡ್ಡದಾಗ ನೀವು ಒಲಿ ಹೂಡಿದ ಕಲ್ಲು ಹೊತ್ತು ತಂದ. ಮಸಿ ಹೋಗಲಿ ಅಂತ ಬೂದಿ ಹಚ್ಚಿ ತಿಕ್ಕಿದ. ಮಸಿ ಹೋಗಲಿಲ್ಲ, ಅಂಗೈ ಸೀಳಿ ಕೀವು ತುಂಬ್ತು. ಜ್ವರ ಬಂತು, ಹೋದ.”

“ಕಲ್ಲು ಯಾರರ ತಿಕ್ಕತಾರೇನ್ರಿ?”

ಸಖುಬಾಯಿ ಮತ್ತೆ ಸೆರಗು ಬೀಸತೊಡಗಿದಳು.

*

ಗುಡ್ಡದ ತುದಿಯಲ್ಲಿ ಒಂದು ಕಲ್ಲಿನ ಗುಪ್ಪೆ ಇತ್ತು. ಅಲ್ಲಿಗೆ ಹೋದವರೆಲ್ಲ ಅದರ ಮೇಲೆ ಒಂದೊಂದು ಕಲ್ಲು ಇಡಬೇಕೆಂದು ಮಡೆಪ್ಪ ಹೇಳುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ಕುರುಬರ ದೇವರಿರಬೇಕೆಂದು ಮಂಡಳಿಯವರು ನಗುತ್ತ ಇಡುತ್ತಿದ್ದರು.

ಈ ಸಲ, ಹದಿನೈದು ದಿನದ ಹಿಂದೆ, ಅವನು ನೀರು ತರಲು ಕೆಳಗಿಳಿದಾಗ, ಮಂಡಳಿಯವರು ಗುಪ್ಪೆಯ ಬುಡದಿಂದ ಮೂರು ದೊಡ್ಡ ಕಲ್ಲು ಎಳೆದು ಒಲೆ ಹೂಡಿದರು. ಅವನು ತಿರುಗಿ ಬರುವ ಹೊತ್ತಿಗೆ ಹಂಡೆಯಲ್ಲಿ ಕುರಿಯ ಬಾಡು ಕುದಿಯುತ್ತಿತ್ತು. ಉಕ್ಕಿದ ಕೊಬ್ಬು ಕಲ್ಲಿನ ಮೇಲೆ ಇಳಿದು ಚರ್ರೆನ್ನುತ್ತಿತ್ತು. ಮಚ್ಛೇಂದ್ರ ಗುಪ್ಪೆಗೆ ಬೆನ್ನು ಕೊಟ್ಟು ಎಲುಬು ಚೀಪುತ್ತಿದ್ದ. ಅದನ್ನೇ ಮುಂದೆ ಹಿಡಿದ.

“ತಗೋ ಮಡೆಪ್ಪ, ನಿನ್ನ ದೇವರ ಪ್ರಸಾದ.”

ಮಡೆಪ್ಪ ಕೊಡ ಕೆಳಗಿಟ್ಟು, ಆಚೆ ಹೋಗಿ ವಾಂತಿ ಮಾಡಿಕೊಂಡ.

“ನೋಡ್ರಿ, ಕುರುಬಗ ಕುರಿ ಒಗ್ಗವಲ್ದು,” ಅಂದರು ಯಾರೋ. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕಿದ್ದರು.

*

“ಅದರ ತಳಗ ಮನುಷ್ಯಾ ಇದ್ದಾನ್ರಿ,” ಎಂದಳು ಸಖುಬಾಯಿ. ಬೇಲಿಯಾಚೆ ನಿಂತ ಊರವರಿಗೂ ಕೇಳಲೆಂದು ದನಿ ಎತ್ತಿದಳು. “ಭಾಲ್ಕಿ ಕುತುಬೋದ್ದೀನ. ಈ ಊರ ಹೆಂಗಸರ ಕೈಗೆ ಬಳಿ ಇಡಾಂವ. ನಿಜಾಮನ ಆಳಿಕಿ ಬಿದ್ದ ಪೊಲೀಸ್ ಆ್ಯಕ್ಷನ್‌ದಾಗ ಈ ಊರವರೇ ಹೊಡದು ಕೊಂದರು. ಮಣ್ಣು ಕೊಡಬ್ಯಾಡ ಅಂದರು. ನಾಯಿ ಕಾಲು ಎಳೀಲಾಕತ್ತಿದ್ದವು. ನಮ್ಮಾಂವ ಕಂಬಳ್ಯಾಗ ಸುತ್ತಿ ರಾತ್ರೋರಾತ್ರಿ ಮ್ಯಾಲ ಒಯ್ದ. ಅಲ್ಲಿ ಬರೇ ಬಂಡೆಗಲ್ಲು, ಕುಣಿ ತೋಡಲಾಕ ಆಗಲಿಲ್ಲ. ಕಲ್ಲು ಮುಚ್ಚಿ ಬಂದ. ಊರವರಿಗಿ ಗೊತ್ತಾದರ ಕಿತ್ತು ಒಗೀತಾರಂತ ಬಾಯಿ ಬಿಡಲಿಲ್ಲ.”

ಊರವರಲ್ಲಿ ಒಬ್ಬ ಎಲೆಯಡಿಕೆ ಉಗುಳಿ ಹೊರಟುಹೋದ. ಮಿಕ್ಕವರು ನೆಲ ನೋಡಿದರು.

ಮಚ್ಛೇಂದ್ರ ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. “ಉಂಡ ಮ್ಯಾಲ ಹೇಳ್ತೀಯೇನವ್ವ ಇದನ್ನ?”

“ಕುತುಬೋದ್ದೀನನ ಹೆಂಡತಿ ಮಣ್ಣಿಗಿ ಬರ್ಲಾಕತ್ತಾಳ. ಆಕಿ ಬರೂದರಾಗ ಈ ಕಲ್ಲು ಗುಡ್ಡದ ಮ್ಯಾಲ ಹೋಗಬೇಕು. ಅಲ್ಲೀ ತನಕ ನಮ್ಮಾಂವನ ಹೆಣ ಎತ್ತಗೊಡಂಗಿಲ್ಲ.”

“ನಾ ಅಂತೂ ಮುಟ್ಟಾಂವಲ್ಲ,” ಎಂದ ಮಚ್ಛೇಂದ್ರ. ಅವನು ಎಲ್ಲರ ಮುಖ ನೋಡಿದ. ಮಂಡಳಿಯವರು ಒಬ್ಬೊಬ್ಬರೇ ಬೇಲಿ ಬಿಟ್ಟು ಹಿಂದೆ ಸರಿದರು. ಮಾಸ್ತರರು ಏಳಬೇಕೆಂದುಕೊಂಡರು, ಏಳಲಿಲ್ಲ.

ಅಷ್ಟರಲ್ಲಿ ಬಂಡಿ ಬಂದು ನಿಂತಿತು. ಬಿಳಿ ಸೀರೆಯ ಬಿಸ್ಮಿಲ್ಲಾಬೀ ಇಳಿದು, ಕೋಲೂರಿ ಅಂಗಳಕ್ಕೆ ಬಂದಳು. ಮಡೆಪ್ಪನ ಮುಖ ನೋಡಿದ್ದೇ, ಆ ಮೂರು ಕಲ್ಲುಗಳಲ್ಲಿ ಹತ್ತಿರದ ಒಂದರ ಮೇಲೆ ಕುಸಿದು ಕೂತಳು.

ಮಾಸ್ತರರು ಸಖುಬಾಯಿಯ ಕಡೆ ನೋಡಿದರು. ಸಖುಬಾಯಿ ಏಳಿಸಲಿಲ್ಲ.

“ಇನ್ನ ನಮ್ಮವರ ಗೋರಿ ಯಾರು ನೋಡ್ತಾರ ತಂಗಿ?” ಎಂದಳು ಬಿಸ್ಮಿಲ್ಲಾಬೀ. “ನನ್ನ ಕಾಲಿಗಿ ಗುಡ್ಡ ಆಗಂಗಿಲ್ಲ. ಮ್ಯಾಲ ಎಲ್ಲಾ ನೆಟ್ಟಗದಲ್ಲ?”

“ಅದ,” ಎಂದಳು ಸಖುಬಾಯಿ, ಮಾಸ್ತರರನ್ನೇ ನೋಡುತ್ತ.

ಮಾಸ್ತರರು ಎದ್ದು, ಮಿಕ್ಕ ಎರಡು ಕಲ್ಲುಗಳಲ್ಲಿ ಒಂದನ್ನು ಎತ್ತಿ ಎದೆಗೊತ್ತಿಕೊಂಡರು.

ಬಿಸ್ಮಿಲ್ಲಾಬೀ ಕೋಲು ಹಿಡಿದು ಎದ್ದು ಮಡೆಪ್ಪನ ಕಡೆ ನಡೆದಳು. ಅವಳ ಬಿಳಿ ಸೀರೆಯ ಹಿಂದೆ ಜಿಡ್ಡು ಮಸಿ ಅಗಲವಾಗಿ ಹತ್ತಿತ್ತು. ಅಂಗಳದವರಿಗೆಲ್ಲ ಕಾಣುತ್ತಿತ್ತು, ಅವಳೊಬ್ಬಳನ್ನು ಬಿಟ್ಟು.