ನಾಲ್ಕನೇ ಬಾವಿಯಿಂದ ವಾಪಸ್ಸು

"ಒಟ್ಟು ಎಷ್ಟು ಅಟ್ಟೆ ಬರ್ತದೆ ಕಣ್ಣು?" ಅಪ್ಪ ಮಗ್ಗದ ಗುಂಡಿಯಿಂದಲೇ ನನ್ನನ್ನು ಕೇಳಿದ. ಅಂಚಿನ ಒಂದೊಂದು ಗೆರೆಗೂ ಒಂದೊಂದು ತೂತಿನ ರಟ್ಟು, ಅದೇ ಅಟ್ಟೆ.

"ಇಪ್ಪತ್ತಮೂರು," ಎಂದೆ. ಶಾಲೆಯಲ್ಲಿ ಮೊದಲ ರ್‍ಯಾಂಕು ಬಂದವಳ ದನಿಯಲ್ಲಿ ಹೇಳಿದೆ.

ಲಾಳಿ ನಿಂತಿತು. "ಇಪ್ಪತ್ತಮೂರಾ? ಬೊಂಬೆಗೆ ಸೀರೆ ಉಡಿಸ್ತೀಯಾ? ನಿಮ್ಮಜ್ಜಿ ನೂರ ನಲವತ್ತನಾಲ್ಕು ಅಂದಿದ್ದಳಲ್ಲ."

"ಒಂದೇ ತರ ಇರೋ ಗೆರೆಯೆಲ್ಲ ತೆಗ್ದುಬಿಟ್ಟೆ ಅಪ್ಪಾ. ಈಗ ಫೈಲು ಕ್ಲೀನಾಗಿದೆ."

ಅಪ್ಪ ಗುಂಡಿಯಿಂದ ಮೇಲೆ ಬಂದ. ಕಾಲಿಗೆ ಅಂಟಿದ್ದ ಹತ್ತಿಯ ಧೂಳನ್ನು ಒರೆಸಿಕೊಳ್ಳಲೂ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಬಗ್ಗಿ, ಕಪ್ಪು ಬಿಳಿ ಚೌಕಗಳ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಕೊನೆಯವರೆಗೂ ಎಣಿಸಿದ. ಎಣಿಕೆ ಬೇಗ ಮುಗಿದುಹೋಯಿತು.

"ನೆಯ್ಗೆ ಅಂದ್ರೆ ಅದೇ ಗೆರೆ ತಿರ್ಗಿ ತಿರ್ಗಿ ಬರೋದು ಅಲ್ವಾ ಕಣ್ಣು," ಎಂದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ರಾಮಾಯಿ ಅಜ್ಜಿಯ ಅಂಚು ಅದು. ನಮ್ಮೂರು ನೆಗಮಂನಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ್ದು. ಅದರಲ್ಲಿ ಒಂದು ಅನ್ನಪಕ್ಷಿ, ಅಂದರೆ ಹಂಸ, ತನ್ನ ಮರಿಗೆ ನೀರು ತರಲು ಹೊರಡುತ್ತದೆ. ಒಂದು ಬಾವಿ, ಬತ್ತಿದೆ. ಹಾರುತ್ತದೆ. ಇನ್ನೊಂದು ಬಾವಿ, ಅದೂ ಬತ್ತಿದೆ. ಹೀಗೆ ಆರು ಬಾವಿ ದಾಟಿ ಏಳನೆಯದರಲ್ಲಿ ನೀರು ಸಿಗುತ್ತದೆ. ಅಜ್ಜಿಗೆ ಅಂಚು ಬೇರೆಯಲ್ಲ, ಕಥೆ ಬೇರೆಯಲ್ಲ. ಕಥೆಯಲ್ಲಿ ಹಕ್ಕಿ ಒಂದು ಸಲ ರೆಕ್ಕೆ ಬಡಿದರೆ ಅಂಚಿನಲ್ಲಿ ಒಂದು ಗೆರೆ. ಕೇಳುವವರು ಪ್ರತಿ ಬಡಿತಕ್ಕೂ "ಹೂಂ" ಎನ್ನಬೇಕು. ಅನ್ನದಿದ್ದರೆ ಹಿಂದಿನ ಬಾವಿಗೆ ಹೋಗಿ ಮತ್ತೆ ಶುರುಮಾಡುತ್ತಿದ್ದಳು.

ನಮ್ಮ ಮನೆಯ ಹೆಂಗಸರನ್ನು ಕೊನೆಯ ಪಯಣಕ್ಕೆ ಅವರವರೇ ನೇಯ್ದ ಸೀರೆ ಉಡಿಸಿ ಕಳಿಸಿಕೊಡುವುದು ರೂಢಿ. ಆ ಅಂಚಿದ್ದ ಒಂದೇ ಸೀರೆ ಹೋದ ಚಿತ್ತಿರೈ ತಿಂಗಳಲ್ಲಿ ಅಜ್ಜಿಯ ಜೊತೆಗೇ ಹೋಯಿತು. ಹೋಗುವ ಮುಂಚಿನ ತಿಂಗಳು, ಮಂಚದ ಮೇಲೆ ಮಲಗಿಕೊಂಡೇ ಅವಳು ಗೆರೆ ಗೆರೆಯಾಗಿ ಹೇಳಿದಳು. ನಾನು ಎಕ್ಸೆಲ್ಲಿನಲ್ಲಿ ಒಂದು ಚೌಕಕ್ಕೆ ಒಂದು ನೂಲು ಎಂದು ತುಂಬಿದೆ. ಚೌಕದ ಹಾಳೆಯಲ್ಲೂ ಒಂದು ಸಲ ಬರೆದಿಡು ಎಂದು ಅಪ್ಪ ಅಂದಾಗ, "ಕಂಪ್ಯೂಟರಲ್ಲಿ ಇರುವಾಗ ಹಾಳೆ ಯಾಕಪ್ಪಾ, ಗೆದ್ದಲಿಗಾ?" ಎಂದು ನಕ್ಕವಳು ನಾನೇ.

ದೊಡ್ಡಮ್ಮನ ಮಗಳು ನಿವೇತಾಕ್ಕನಿಗೆ ಫೋನ್ ಮಾಡಿದೆ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿ ಅವಳಿಗೆ ಕೆಲಸ. ದಿನಕ್ಕೊಂದು ಕಂಪ್ಯೂಟರ್ ಉಪಾಯವನ್ನು ವಾಟ್ಸಾಪಿನಲ್ಲಿ ಕಳಿಸುವುದು ಅವಳ ಚಟ. ಒಂದೇ ತರದ ಸಾಲುಗಳನ್ನು ಒಂದೇ ಗುಂಡಿಯಲ್ಲಿ ತೆಗೆಯುವ ರಿಮೂವ್ ಡೂಪ್ಲಿಕೇಟ್ಸ್ ಕೂಡ ಅವಳು ಕಳಿಸಿದ್ದೇ. 'ಎರಡು ಸಲ ಬಂದದ್ದೆಲ್ಲ ಕಸ' ಎಂದು ಕೆಳಗೆ ಬರೆದಿದ್ದಳು.

"ಕಂಟ್ರೋಲ್ ಝಡ್ ಒತ್ತು ಅಭಿ, ಅದಕ್ಕೆ ಯಾಕೆ ಅಳು?"

"ಸೇವ್ ಮಾಡಿ, ಮುಚ್ಚಿ, ಬೆಳಗ್ಗೆ ತಿರ್ಗಾ ತೆಗ್ದಿದೀನಿ ಅಕ್ಕಾ. ಏನ್ ಮಾಡಿದ್ರೂ ಮೊದಲು ಸೇವ್ ಮಾಡು ಅಂತ ಕಳ್ಸಿದ್ದೂ ನೀನೇ."

"ಅಯ್ಯೋ, ನಾನು ಹೇಳಿದ್ದನ್ನೆಲ್ಲ ಕೇಳೋಳು ನೀನೊಬ್ಳೇ ಕಣೇ. ಸರಿ ಬುಡು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡು. ಪ್ರಾಪರ್ಟೀಸಲ್ಲಿ ಹಳೇ ವರ್ಷನ್ ಅಂತ ಇರ್ತದೆ."

ಖಾಲಿ. ಯಾವ ಹಳೆಯ ವರ್ಷನ್ನೂ ಇಲ್ಲ ಎಂದಿತು.

"ಒನ್‌ಡ್ರೈವ್?"

"ಅದನ್ನ ಆಫ್ ಮಾಡಿದ್ನಲ್ಲ. ಲ್ಯಾಪ್‌ಟಾಪ್ ಸ್ಪೀಡಾಗ್ತದೆ ಅಂತ ನೀನೇ..."

ಆ ಕಡೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು. "ವಿಂಡೋಸ್ ಗುಂಡಿ, ವಿ," ಎಂದಳು ಮೆಲ್ಲಗೆ. "ಕಾಪಿ ಮಾಡಿದ್ದೆಲ್ಲ ಅಲ್ಲಿ ಸಾಲಾಗಿ ಇರ್ತದೆ."

ಅಲ್ಲಿದ್ದದ್ದು ಕರೆಂಟ್ ಬಿಲ್ಲಿನ ನಂಬರು ಒಂದೇ. ಲ್ಯಾಪ್‌ಟಾಪನ್ನು ಆರಿಸಿದಾಗ ಮಿಕ್ಕದ್ದೆಲ್ಲ ಅಳಿಸಿಹೋಗಿತ್ತು. ಟೆಂಪ್ ಫೋಲ್ಡರು ಹುಡುಕಿಸಿದಳು, ಉಳಿಸದೆ ಬಿಟ್ಟ ಫೈಲುಗಳ ಪಟ್ಟಿ ತೆಗೆಸಿದಳು. ನಾನು ಎಲ್ಲವನ್ನೂ ಸರಿಯಾಗಿ ಉಳಿಸಿದ್ದೆ. ಅದೇ ತಪ್ಪಾಗಿತ್ತು. ಒಂದೊಂದು ಬಾಗಿಲು ತೆಗೆದಾಗಲೂ ಬತ್ತಿದ ಬಾವಿಯೊಳಗೆ ಬಗ್ಗಿ ನೋಡಿದ ಹಾಗಾಗುತ್ತಿತ್ತು. ತಳದ ಕಲ್ಲು ಮಾತ್ರ ಕಾಣುತ್ತಿತ್ತು.

"ನಿಲ್ಲು ನಿಲ್ಲು," ಎಂದಳು ಅಕ್ಕ. "ಪಂಗುನಿ ತಿಂಗಳಲ್ಲಿ ನಂಗೆ ಸ್ಕ್ರೀನಿನ ಫೋಟೋ ಕಳ್ಸಿದ್ಯಲ್ಲ, ಜಂಬ ಕೊಚ್ಕೊಳ್ಳೋಕೆ? ಕಂಟ್ರೋಲ್ ಹಿಡ್ದು ಮೌಸ್ ಚಕ್ರ ತಿರುಗ್ಸಿ, ಪೂರಾ ಸಣ್ಣ ಮಾಡಿ?"

ಫೋಟೋ ಇತ್ತು. ಹಿಗ್ಗಿಸಿದರೆ ಚೌಕಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅಪ್ಪ ಎಣಿಸಿದ, ನಾನು ತುಂಬಿದೆ. ಮೊದಲ ಬಾವಿ, ಎರಡು, ಮೂರು, ನಾಲ್ಕನೇ ಬಾವಿಯ ಕಟ್ಟೆ. ಅಲ್ಲಿಗೆ ಅರವತ್ತು ಗೆರೆ. ಆವತ್ತು ಅಜ್ಜಿ ಅಲ್ಲಿಯವರೆಗೆ ಮಾತ್ರ ಹೇಳಿ ದಣಿದು ಮಲಗಿದ್ದಳು.

ಮುಂದಿನ ಮೂರು ಬಾವಿಗಳು ಹೇಗಿವೆ ಎಂದು ಗೊತ್ತಿತ್ತು. ಉಳಿದಿದ್ದ ಇಪ್ಪತ್ತಮೂರರಲ್ಲಿ ಅವುಗಳ ಗೆರೆಗಳೂ ಇದ್ದವು. ಒಂದು ಬಾವಿಯಿಂದ ಇನ್ನೊಂದಕ್ಕೆ ಹಕ್ಕಿ ಎಷ್ಟು ಸಲ ರೆಕ್ಕೆ ಬಡಿಯಿತು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

"ಕಥೆ ಹೇಳು," ಎಂದ ಅಪ್ಪ. "ನಿಂಗೆ ಗೊತ್ತಲ್ಲ. ಹೇಳ್ತಾ ಹೋಗು, ನಾನು ಹೂಂ ಅಂತೀನಿ."

ಹೇಳಿದೆ. ನಾಲ್ಕನೇ ಬಾವಿಯ ಕಟ್ಟೆಯ ಮೇಲೆ ಹಕ್ಕಿ ಕೂತಿತು. ಮರಿಯನ್ನು ನೆನೆಯಿತು. ಮುಂದೆ ನನ್ನ ಬಾಯಿ ನಿಂತಿತು. ಚಿಕ್ಕವಳಿದ್ದಾಗ ನಾನು ನಿದ್ದೆ ಹೋಗುತ್ತಿದ್ದದ್ದು ಅಲ್ಲೇ. ಬೆಳೆದ ಮೇಲೆ, ಅದೇ ಅದೇ ಯಾಕೆ ಅಜ್ಜಿ, ನೀರು ಸಿಕ್ಕಿದ್ದಕ್ಕೆ ಬಾ ಎಂದು ಎಳೆದುಕೊಂಡು ಹೋಗುತ್ತಿದ್ದೆ. ಆ ಕೊನೆಯ ತಿಂಗಳಲ್ಲೂ, "ಹಾರ್ತು, ಹಾರ್ತು" ಎಂದು ಅವಳು ಒಂದೊಂದೇ ಹೇಳುವಾಗ, "ಒಟ್ಟು ಎಷ್ಟು ಅಂತ ಹೇಳ್ಬುಡು, ಒಂದೇ ಎಳೆತಕ್ಕೆ ಎಳೀತೀನಿ" ಎಂದಿದ್ದೆ. ಮೌಸಿನಿಂದ ಎಳೆದರೆ ಚೌಕಗಳು ತಾವೇ ತುಂಬಿಕೊಳ್ಳುತ್ತವೆ. ಆ ಉಪಾಯವನ್ನು ಯಾರೂ ಕಳಿಸಿರಲಿಲ್ಲ, ನಾನೇ ಕಂಡುಕೊಂಡದ್ದು. ಅಜ್ಜಿ ನನ್ನನ್ನೇ ನೋಡಿ ಏನೋ ಒಂದು ಸಂಖ್ಯೆ ಹೇಳಿದ್ದಳು. ಎಳೆದೆ. ಮರೆತೆ.

"ಅಪ್ಪಾ, ನಿಮ್ಗೆ ಗೊತ್ತಾ?"

"ನಾನೂ ನಾಲ್ಕನೇದ್ರಲ್ಲೇ ಮಲಗ್ತಿದ್ದೆ," ಎಂದ ಅಪ್ಪ. ನಗಲು ನೋಡಿದ. ಆಗಲಿಲ್ಲ.

ಸಂಜೆ ಐದಕ್ಕೆ ಸೋಮಸುಂದರಂ ಮಾಮ ಬಂದರು. ಗೆರೆಗೊಂದರಂತೆ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆದುಕೊಡುವುದು ಅವರ ಕೆಲಸ. ನಾಳೆಯಿಂದ ಅವರ ಯಂತ್ರಕ್ಕೆ ಬೇರೆಯವರ ಸರದಿ. ಹಾಸುನೂಲು ಕಟ್ಟಿದ ಇನ್ನೊಂದು ಮಗ್ಗ ಅವರೆದುರೇ ಕಾದಿತ್ತು.

"ವೆಲ್ಲಿಂಗಿರಿ ಅಣ್ಣಾ, ಗೊತ್ತಿಲ್ಲದ ಕಡೆ ಆರಾರು ಗೆರೆ ಹಾಕಿ ಬುಡಿ. ಉಟ್ಕೊಳ್ಳೋರು ಹಕ್ಕಿ ರೆಕ್ಕೆ ಎಣಿಸ್ತಾರಾ?"

"ಅವಳು ಎಣಿಸ್ತಿದ್ದಳು," ಎಂದ ಅಪ್ಪ. ಗೋಡೆಯಲ್ಲಿದ್ದ ಅಜ್ಜಿಯ ಫೋಟೋದ ಕಡೆ ತಿರುಗಲೂ ಇಲ್ಲ. "ಅವಳು ಹೇಳದ್ದನ್ನ ಅವಳ ಹೆಸರಲ್ಲಿ ನೇಯಲ್ಲ. ಅರವತ್ತು ಹೋಗ್ಲಿ, ಅರವತ್ತು ಬರ್ಲಿ."

ನೇಕಾರರಿಗೆ ಅದು ಹೊಸದಲ್ಲ. ಅಂಚು ಒಂದು ಕಡೆಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ನನಗೆ ಮಾತ್ರ ಹಕ್ಕಿಯ ಒಣಗಿದ ಕೊಕ್ಕು ಕಂಡಿತು. ಗೂಡಿನಲ್ಲಿ ಮರಿ ಬಾಯಿ ತೆರೆದುಕೊಂಡಿರುತ್ತದೆ. ಇದು ನಾಲ್ಕನೇ ಬಾವಿಯಿಂದ ಬರಿ ಕೊಕ್ಕಿನಲ್ಲಿ ಹಿಂತಿರುಗುತ್ತದೆ.

"ಅಪ್ಪಾ, ಹಂಗ್ ಮಾಡಿದ್ರೆ ನೀರು ಸಿಗಲ್ಲ."

"ಸಿಗಲ್ಲ ಕಣ್ಣು."

ಪಕ್ಕದ ಕಾಲಮ್ಮಿನಲ್ಲಿ ಒಂದರಿಂದ ಅರವತ್ತರವರೆಗೆ ಸಂಖ್ಯೆ ಹಾಕಿದೆ. ಎಲ್ಲವನ್ನೂ ಕಾಪಿ ಮಾಡಿ ಕೆಳಗೆ ಇಟ್ಟು, ಆ ಭಾಗವನ್ನು ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಜೋಡಿಸು ಎಂದೆ. ಇದೂ ನಿವೇತಾಕ್ಕ ಕಲಿಸಿದ್ದೇ. ಕಣ್ಣು ಮಿಟುಕಿಸುವಷ್ಟರಲ್ಲಿ ಹಕ್ಕಿ ಬಾವಿಯ ಕಟ್ಟೆಯಿಂದ ಮುಖ ತಿರುಗಿಸಿ, ಬಂದ ದಾರಿಯಲ್ಲೇ ಗೂಡಿನ ಕಡೆ ಹೊರಟಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿದೆ, ಅಕ್ಕನಿಗೆ ಕಳಿಸಿದೆ, ಮಾಮನ ಫೋನಿಗೂ ಕಳಿಸಿದೆ.

"ಮೂರು ಕಡೆ ಯಾಕಮ್ಮಾ?" ಎಂದರು ಮಾಮ.

ಅವರು ಹೋದ ಮೇಲೆ ಚೌಕದ ಹಾಳೆ ತಂದು, ಪೆನ್ಸಿಲ್ ಹಿಡಿದು ಅಪ್ಪನ ಪಕ್ಕ ಕೂತೆ. ಅಪ್ಪ ಮೊದಲ ಗೆರೆ ಓದಿದ.

"ಹೂಂ," ಎಂದೆ.

ಎರಡನೆಯದೂ ಅದೇ ಗೆರೆ. ಅದನ್ನೂ ಪೂರಾ ಓದಿದ.

"ಹೂಂ."